ಹೊಸ ನಾಲೆಯ ಖರ್ಚು ಯಾರದು?

1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ಆದ ಸಿಂಧೂ ಜಲ ಒಪ್ಪಂದದ ಕೆಳಗೆ ಮೂರು ಸಹಿಗಳಿವೆ. ಒಂದು ಜವಾಹರಲಾಲ್ ನೆಹರೂ ಅವರದು, ಇನ್ನೊಂದು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಅವರದು. ಮೂರನೆಯದು ವಿಲಿಯಂ ಇಲಿಫ್ ಎಂಬ ಬ್ರಿಟಿಷ್ ಅಧಿಕಾರಿಯದು. ಅವರು ಸಹಿ ಹಾಕಿದ್ದು ಯಾವ ದೇಶದ ಪರವಾಗಿಯೂ ಅಲ್ಲ, ವಿಶ್ವಬ್ಯಾಂಕಿನ ಪರವಾಗಿ. ಅದೂ ಇಡೀ ಒಪ್ಪಂದಕ್ಕೆ ಹಾಕಿದ ಸಹಿಯಲ್ಲ; ಐದನೆಯ ಮತ್ತು ಹತ್ತನೆಯ ಕಲಮುಗಳಿಗೆ ಮತ್ತು ಕೆಲವು ಅನುಬಂಧಗಳಿಗೆ ಮಾತ್ರ ಸೀಮಿತವಾದದ್ದು. ಐದನೆಯದು ಹಣದ ಕಲಮು.

ಈ ಒಪ್ಪಂದದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ನದಿಗಳ ಹೆಸರು ಹೇಳಿ ಮುಗಿಸುತ್ತಾರೆ. ರಾವಿ, ಬಿಯಾಸ್, ಸಟ್ಲೆಜ್ ಭಾರತಕ್ಕೆ. ಸಿಂಧೂ, ಝೇಲಂ, ಚಿನಾಬ್ ಪಾಕಿಸ್ತಾನಕ್ಕೆ. ಆದರೆ ಆ ಹಂಚಿಕೆ 1954ರ ಫೆಬ್ರವರಿಯಲ್ಲೇ ಕಾಗದಕ್ಕೆ ಇಳಿದಿತ್ತು. ಸಹಿ ಬೀಳಲು ಮತ್ತೆ ಆರೂವರೆ ವರ್ಷ ಹಿಡಿಯಿತು. ಅಷ್ಟು ಕಾಲ ಹುಡುಕಿದ್ದು ನೀರನ್ನಲ್ಲ, ಹಣ ಜೋಡಿಸುವ ಒಂದು ದಾರಿಯನ್ನು. ಆ ಹುಡುಕಾಟವನ್ನು ಮುನ್ನಡೆಸಿದವರು ವಿಶ್ವಬ್ಯಾಂಕಿನ ಅಧ್ಯಕ್ಷ ಯೂಜೀನ್ ಬ್ಲ್ಯಾಕ್. ಅವರು ಎಂಜಿನಿಯರ್ ಅಲ್ಲ, ರಾಜತಾಂತ್ರಿಕರೂ ಅಲ್ಲ, ಬಾಂಡ್ ಮಾರುವ ಕಸುಬಿನಿಂದ ಬಂದವರು. ದೊಡ್ಡ ಅಣೆಕಟ್ಟುಗಳ ಕತೆಯಲ್ಲಿ ಎಂಜಿನಿಯರಿಗೆ ಪ್ರತಿಮೆ ಸಿಗುತ್ತದೆ, ಶಂಕುಸ್ಥಾಪನೆ ಮಾಡಿದವರಿಗೆ ಫಲಕ ಸಿಗುತ್ತದೆ. ಹಣದ ದಾರಿ ಕಂಡುಹಿಡಿದವರ ಕೆಲಸ ಕಡತದಲ್ಲೇ ಉಳಿದುಬಿಡುತ್ತದೆ. ಸಿಂಧೂ ಬಯಲಿನ ಕತೆಯಲ್ಲಿ ಆ ಕಡತವೇ ಮುಖ್ಯ ಎಂದು ನಾನು ನಂಬಿದ್ದೇನೆ.

ಪಂಜಾಬಿನ ನಾಲೆಗಳನ್ನು ತೋಡಿದ ಕಾಲದಲ್ಲಿ ಅಲ್ಲಿ ದೇಶದ ಗಡಿ ಇರಲಿಲ್ಲ. 1947ರಲ್ಲಿ ಗೆರೆ ಎಳೆದಾಗ ರಾವಿಯ ಮೇಲಿನ ಮಾಧೋಪುರದ ತೂಬುಗಳೂ ಸಟ್ಲೆಜ್ ಮೇಲಿನ ಫಿರೋಜ್‌ಪುರದ ತೂಬುಗಳೂ ಭಾರತದ ಕಡೆ ಉಳಿದವು. ಅವುಗಳಿಂದ ನೀರು ಕಾಣುತ್ತಿದ್ದ ಎಷ್ಟೋ ಹೊಲಗಳು ಪಾಕಿಸ್ತಾನಕ್ಕೆ ಸೇರಿದವು. ಇಡೀ ಜಲಾನಯನದಲ್ಲಿ ನಾಲೆ ನೀರಾವರಿಯಿದ್ದದ್ದು ಸುಮಾರು 2.6 ಕೋಟಿ ಎಕರೆ, ಅದರಲ್ಲಿ 2.1 ಕೋಟಿ ಎಕರೆ ಗಡಿಯಾಚೆ. ಇದ್ದದ್ದು ಇದ್ದಂತೆ ನಡೆಯಲಿ ಎಂದು ಮಾಡಿಕೊಂಡಿದ್ದ ತಾತ್ಕಾಲಿಕ ಕರಾರು 1948ರ ಮಾರ್ಚ್ 31ಕ್ಕೆ ಮುಗಿಯಿತು. ಏಪ್ರಿಲ್ 1ರಂದು ಪೂರ್ವ ಪಂಜಾಬ್ ಗಡಿ ದಾಟುವ ನಾಲೆಗಳಿಗೆ ನೀರು ನಿಲ್ಲಿಸಿತು. ಮುಂಗಾರು ಬೆಳೆಯ ಬಿತ್ತನೆಗೆ ನೀರು ಬೇಕಾದ ಹೊತ್ತು ಅದು.

ಮೇ 4ರಂದು ದೆಹಲಿಯಲ್ಲಿ ಒಂದು ಒಡಂಬಡಿಕೆಯಾಗಿ ನೀರು ಮತ್ತೆ ಹರಿಯಿತು. ಆ ಕಾಗದಕ್ಕೆ ಪಾಕಿಸ್ತಾನದ ಪರವಾಗಿ ಸಹಿ ಹಾಕಿದವರಲ್ಲಿ ಅಲ್ಲಿನ ಹಣಕಾಸು ಮಂತ್ರಿ ಗುಲಾಂ ಮುಹಮ್ಮದ್ ಒಬ್ಬರು. ನೀರಿನ ಬಾಬತ್ತಿನಲ್ಲಿ ತಕರಾರಿದ್ದ ಮೊತ್ತವನ್ನು ರಿಸರ್ವ್ ಬ್ಯಾಂಕಿನಲ್ಲಿ ಠೇವಣಿ ಇಡಬೇಕೆಂಬ ಮಾತೂ ಅದರಲ್ಲಿತ್ತು. ಜಗಳ ಹುಟ್ಟಿದ ತಿಂಗಳಿನಿಂದಲೇ ಅದರೊಳಗೆ ಹಣದ ಎಳೆ ಇತ್ತು. ಆಗ ಅದನ್ನು ಹಿಡಿದು ಎಳೆದವರು ಯಾರೂ ಇರಲಿಲ್ಲ. ಕೆಲವೇ ಕಾಲದಲ್ಲಿ ಪಾಕಿಸ್ತಾನ, ಒತ್ತಡಕ್ಕೆ ಸಿಕ್ಕಿ ಸಹಿ ಹಾಕಿದ್ದೇವೆ ಎಂದು ಆ ಒಡಂಬಡಿಕೆಯಿಂದ ಹಿಂದೆ ಸರಿಯಿತು.

1951ರ ಫೆಬ್ರವರಿಯಲ್ಲಿ ಡೇವಿಡ್ ಲಿಲಿಯೆಂತಾಲ್ ಎಂಬ ಅಮೆರಿಕದವರು ಎರಡೂ ದೇಶಗಳಲ್ಲಿ ಸುತ್ತಾಡಿ ಹೋದರು. ಟೆನೆಸೀ ಕಣಿವೆ ಪ್ರಾಧಿಕಾರವನ್ನು ನಡೆಸಿದ್ದವರು, ಅಮೆರಿಕದ ಅಣುಶಕ್ತಿ ಆಯೋಗದ ಮೊದಲ ಅಧ್ಯಕ್ಷರು. ಊರಿಗೆ ಮರಳಿ ಆ ವರ್ಷದ ಆಗಸ್ಟಿನಲ್ಲಿ 'ಕಾಲಿಯರ್ಸ್' ಪತ್ರಿಕೆಗೆ ಬರೆದ ಲೇಖನದಲ್ಲಿ, ಕೊರಿಯಾದಂಥ ಇನ್ನೊಂದು ಯುದ್ಧ ಇಲ್ಲಿ ಹುಟ್ಟಬಹುದೆಂದು ಎಚ್ಚರಿಸಿದರು. ಎರಡೂ ದೇಶಗಳು ಸೇರಿ ಇಡೀ ನದಿವ್ಯವಸ್ಥೆಯನ್ನು ಒಂದೇ ಘಟಕವಾಗಿ ನಡೆಸಲಿ, ವಿಶ್ವಬ್ಯಾಂಕ್ ಹಣ ಒದಗಿಸಲಿ ಎಂಬುದು ಅವರ ಸಲಹೆ. ಲೇಖನ ಬ್ಲ್ಯಾಕ್ ಅವರ ಕೈಗೆ ಬಂತು. ಅವರು ಇಬ್ಬರು ಪ್ರಧಾನಿಗಳಿಗೂ ಪತ್ರ ಬರೆದು ಬ್ಯಾಂಕಿನ ನೆರವು ಮುಂದಿಟ್ಟರು.

ಬ್ಲ್ಯಾಕ್ ಯಾರೆಂದು ಇಲ್ಲಿ ಸ್ವಲ್ಪ ಹೇಳಬೇಕು. ಹುಟ್ಟಿದ್ದು 1898ರಲ್ಲಿ, ಅಟ್ಲಾಂಟಾದಲ್ಲಿ. ತಂದೆ ಅಮೆರಿಕದ ಫೆಡರಲ್ ರಿಸರ್ವ್ ಮುಖ್ಯಸ್ಥರಾಗಿದ್ದವರು. ಮಗ ಚೇಸ್ ನ್ಯಾಷನಲ್ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಗೆ ಏರಿದರು. 1947ರಲ್ಲಿ ಅಮೆರಿಕದ ಪ್ರತಿನಿಧಿಯಾಗಿ ವಿಶ್ವಬ್ಯಾಂಕಿಗೆ ಬಂದು 1949ರಲ್ಲಿ ಅದರ ಅಧ್ಯಕ್ಷರಾದರು. ಆಗಿನ ವಿಶ್ವಬ್ಯಾಂಕ್ ಇನ್ನೂ ಎಳೆಯ ಸಂಸ್ಥೆ. ಸರ್ಕಾರಗಳು ಕಟ್ಟಿದ ಬಂಡವಾಳ ಸಾಲದಾಗಿತ್ತು. ಉಳಿದದ್ದನ್ನು ನ್ಯೂಯಾರ್ಕಿನ ಪೇಟೆಯಲ್ಲಿ ಬಾಂಡ್ ಮಾರಿ ಎತ್ತಬೇಕು. ಬಾಂಡ್ ಕೊಳ್ಳುವ ವಿಮಾ ಕಂಪನಿಗಳಿಗೂ ಪಿಂಚಣಿ ನಿಧಿಗಳಿಗೂ ಒಂದೇ ಪ್ರಶ್ನೆ: ಹಾಕಿದ ಹಣ ತಿರುಗಿ ಬರುತ್ತದೆಯೇ? ಅವರನ್ನು ವರ್ಷಗಟ್ಟಲೆ ಕಂಡು, ಮನವೊಲಿಸಿ, ವಿಶ್ವಾಸ ಕಟ್ಟಿದವರು ಬ್ಲ್ಯಾಕ್. 1959ರಲ್ಲಿ ಬ್ಯಾಂಕಿನ ಬಾಂಡಿಗೆ ಅತ್ಯುಚ್ಚ ಶ್ರೇಣಿ ಸಿಕ್ಕಿತು. ಹಣ ಕೊಡುವವನಿಗೆ ಏನು ಹೇಳಿದರೆ ಭಯ ಹೋಗುತ್ತದೆ, ಪಡೆಯುವವನಿಗೆ ಏನು ಹೇಳಿದರೆ ಮಾನ ಉಳಿಯುತ್ತದೆ ಎಂಬುದನ್ನು ಅವರು ಆ ಪೇಟೆಯಲ್ಲಿ ಕಲಿತರು. ಸಿಂಧೂ ಪ್ರಕರಣದಲ್ಲಿ ಕೆಲಸಕ್ಕೆ ಬಂದದ್ದು ಈ ವಿದ್ಯೆಯೇ.

1952ರ ಮೇ ತಿಂಗಳಲ್ಲಿ ವಾಷಿಂಗ್ಟನ್‌ನಲ್ಲಿ ಮಾತುಕತೆ ಆರಂಭವಾಯಿತು. ಕಾಶ್ಮೀರದ ಪ್ರಶ್ನೆ, ಹಿಂದಿನ ಜಗಳ, ಹಕ್ಕುವಾದ ಎಲ್ಲವನ್ನೂ ಬದಿಗಿಟ್ಟು ಎಂಜಿನಿಯರುಗಳು ಎಂಜಿನಿಯರುಗಳಾಗಿ ಕೂರಬೇಕೆಂಬುದು ಬ್ಯಾಂಕಿನ ಷರತ್ತು. ಭಾರತದ ಕಡೆಯಿಂದ ಎ.ಎನ್. ಖೋಸ್ಲಾ, ಆಮೇಲೆ ನಿರಂಜನ ಗುಲ್ಹಾಟಿ. ಪಾಕಿಸ್ತಾನದ ಕಡೆಯಿಂದ ಎಂ.ಎ. ಹಮೀದ್, ಆಮೇಲೆ ಜಿ. ಮುಯಿನುದ್ದೀನ್, ಬ್ಯಾಂಕಿನ ಪರವಾಗಿ ಜನರಲ್ ರೇಮಂಡ್ ವೀಲರ್. 1953ರ ಅಕ್ಟೋಬರಿನಲ್ಲಿ ಎರಡೂ ಕಡೆಯವರು ತಮ್ಮ ತಮ್ಮ ಯೋಜನೆ ಮಂಡಿಸಿದರು. ಬಳಸಬಹುದಾದ ಒಟ್ಟು ನೀರಿನ ಲೆಕ್ಕದಲ್ಲಿ ಇಬ್ಬರಿಗೂ ಹೆಚ್ಚು ಭೇದವಿರಲಿಲ್ಲ, ಸುಮಾರು 11.9 ಕೋಟಿ ಎಕರೆ ಅಡಿ. ಭೇದ ಇದ್ದದ್ದು ಪಾಲಿನಲ್ಲಿ. ಭಾರತ ತನಗೆ 2.9 ಕೋಟಿ ಎಕರೆ ಅಡಿ ಬೇಕೆಂದಿತು; ಪಾಕಿಸ್ತಾನ ಭಾರತಕ್ಕೆ ಬಿಡಲು ಒಪ್ಪಿದ್ದು 1.55 ಕೋಟಿ. ನಮಗೆ ಪರಿಚಯವಿರುವ ಅಳತೆಯಲ್ಲಿ ಹೇಳುವುದಾದರೆ, ಹತ್ತು ಲಕ್ಷ ಎಕರೆ ಅಡಿ ಎಂದರೆ 43.56 ಟಿಎಂಸಿ, ತುಂಬಿದ ಕೃಷ್ಣರಾಜಸಾಗರಕ್ಕಿಂತ ಕೊಂಚ ಕಡಿಮೆ. ಹಾಗಾದರೆ ಇಬ್ಬರ ನಡುವಿನ ಅಂತರ 588 ಟಿಎಂಸಿ. ಸುಮಾರು ಹನ್ನೆರಡು ಕೆಆರ್‌ಎಸ್‌ಗಳಷ್ಟು ನೀರಿನ ಜಗಳ.

ಆಗ ವೀಲರ್ ಮತ್ತು ಸಂಗಡಿಗರು ನೀರನ್ನು ಅಳೆದು ಕೊಡುವ ಗೊಡವೆಯನ್ನೇ ಬಿಟ್ಟರು. ಪ್ರತಿ ನದಿಯಲ್ಲೂ ಇಬ್ಬರಿಗೂ ಪಾಲು ಕೊಟ್ಟರೆ ಪ್ರತಿ ತೂಬಿನ ಮುಂದೆಯೂ ಪ್ರತಿ ವರ್ಷವೂ ಜಗಳ. ಅದಕ್ಕಿಂತ ನದಿಗಳನ್ನೇ ಹಂಚಿಬಿಡೋಣ, ಪೂರ್ವದ ಮೂರು ಒಬ್ಬರಿಗೆ, ಪಶ್ಚಿಮದ ಮೂರು ಇನ್ನೊಬ್ಬರಿಗೆ. 1954ರ ಫೆಬ್ರವರಿ 5ರ ಸಲಹೆ ಇದೇ. ಲಿಲಿಯೆಂತಾಲ್ ಕಂಡ ಒಟ್ಟು ಕುಟುಂಬದ ಕನಸು ಅಲ್ಲಿಗೆ ಮುಗಿಯಿತು. ಭಾರತ ಬೇಗ ಒಪ್ಪಿತು. ಪಾಕಿಸ್ತಾನ ಹಿಂಜರಿಯಿತು, ಮತ್ತು ಅದರ ಹಿಂಜರಿಕೆಗೆ ಕಾರಣವಿತ್ತು.

ರಾವಿ, ಸಟ್ಲೆಜ್ ನೀರು ಹರಿಯುತ್ತಿದ್ದ ಪಾಕಿಸ್ತಾನದ ಹೊಲಗಳಿಗೆ ಇನ್ನು ಮುಂದೆ ಎಲ್ಲಿಂದ ನೀರು? ಝೇಲಂ, ಚಿನಾಬ್, ಸಿಂಧೂಗಳಿಂದ ನೂರಾರು ಮೈಲಿ ಕೂಡುನಾಲೆ ತೋಡಿ ತರಬೇಕು. ಹೊಸ ನಾಲೆ ಬೇಕಾಗಿರುವುದು ಭಾರತಕ್ಕೆ ಹಳೆಯ ನೀರು ಸಿಗಲೆಂದು. ಹಾಗಾಗಿ ಖರ್ಚು ಭಾರತದ್ದು ಎಂದಿತು ಬ್ಯಾಂಕ್. ಅಣ್ಣತಮ್ಮಂದಿರು ಪಾಲಾಗುವಾಗ ಹಳೆಯ ಬಾವಿ ಒಬ್ಬನಿಗೆ ಬಂದರೆ ಇನ್ನೊಬ್ಬನಿಗೆ ಹೊಸ ಬಾವಿ ತೋಡಿಸಿಕೊಡಬೇಕೆಂದು ಊರ ಪಂಚರು ಹೇಳುವಂಥದೇ ನ್ಯಾಯ. ಭಾರತ ಇದನ್ನೂ ತತ್ವಶಃ ಒಪ್ಪಿಕೊಂಡಿತು. ಅಷ್ಟರಲ್ಲಿ ಎಂಜಿನಿಯರುಗಳು ಹತ್ತು ಹತ್ತು ದಿನಗಳ ಹರಿವಿನ ಲೆಕ್ಕ ತೆಗೆದು ನೋಡಿದರು. ಬೇಸಗೆಯ ಆರಂಭದಲ್ಲಿಯೂ ಮಳೆಗಾಲ ಮುಗಿದ ಮೇಲೂ ಪಶ್ಚಿಮದ ನದಿಗಳಲ್ಲಿ ಅಷ್ಟು ನೀರು ಇರುವುದಿಲ್ಲ. ನಾಲೆ ತೋಡಿದರೆ ಸಾಲದು, ಮಳೆಗಾಲದ ನೀರನ್ನು ಹಿಡಿದಿಡುವ ಜಲಾಶಯವೂ ಬೇಕು. 1956ರ ಮೇ 21ರ ಟಿಪ್ಪಣಿಯಲ್ಲಿ ಬ್ಯಾಂಕೇ ಇದನ್ನು ಒಪ್ಪಿಕೊಂಡಿತು.

ನಾಲೆಯ ಖರ್ಚು ಹೋಗಿ ಅಣೆಕಟ್ಟಿನ ಖರ್ಚು ಬಂದ ಮೇಲೆ ಇಡೀ ವ್ಯವಹಾರ ಹೂಳಿನಲ್ಲಿ ಸಿಕ್ಕಿಕೊಂಡಿತು. ಭಾರತದ ವಾದ: ಕಳೆದುಕೊಂಡ ನೀರಿಗೆ ಬದಲಿ ಒದಗಿಸುವ ಖರ್ಚು ಕೊಡುತ್ತೇವೆ. ಆದರೆ ಝೇಲಂ ಮೇಲೆ ದೊಡ್ಡ ಅಣೆಕಟ್ಟು ಕಟ್ಟಿದರೆ ಹೊಸ ಜಮೀನು ನೀರಾವರಿಯಾಗುತ್ತದೆ, ವಿದ್ಯುತ್ ಬರುತ್ತದೆ. ನೆರೆಯವರ ಅಭಿವೃದ್ಧಿಗೆ ನಾವೇಕೆ ಹಣ ಕಟ್ಟಬೇಕು? ಪಾಕಿಸ್ತಾನದ ವಾದ: ನಮಗೆ ಅಣೆಕಟ್ಟು ಬೇಕಾದದ್ದೇ ನೀವು ಮೂರು ನದಿ ತೆಗೆದುಕೊಂಡದ್ದರಿಂದ, ಪೂರ್ತಿ ನಿಮ್ಮದೇ. ಎರಡು ವಾದಗಳಲ್ಲೂ ಹುರುಳಿತ್ತು. 1958ರ ಜುಲೈನಲ್ಲಿ ಲಂಡನ್ ಸಭೆಯಲ್ಲಿ ಪಾಕಿಸ್ತಾನ ಮಂಗ್ಲಾ, ತರ್ಬೇಲಾ ಅಣೆಕಟ್ಟುಗಳೂ ಕೂಡುನಾಲೆಗಳೂ ಇದ್ದ ಭಾರಿ ಯೋಜನೆ ಮುಂದಿಟ್ಟಿತು. ಇದು ದುಬಾರಿ ಎಂದ ಭಾರತ, ಚಿನಾಬ್ ನೀರನ್ನು ಸುರಂಗದ ಮೂಲಕ ತಿರುಗಿಸುವ ಅಗ್ಗದ ಬದಲಿಯೊಂದನ್ನು ಸೂಚಿಸಿತು. ತನ್ನ ನೀರಿನ ಕೀಲಿ ಭಾರತದ ನೆಲದಲ್ಲಿರುವುದನ್ನು ಪಾಕಿಸ್ತಾನ ಒಪ್ಪಲಿಲ್ಲ.

ಈ ನಡುವೆ ಬ್ಲ್ಯಾಕ್ ಇನ್ನೊಂದು ನದಿಯ ಮುಂದೆ ಸೋತಿದ್ದರು. ಈಜಿಪ್ಟಿನ ಆಸ್ವಾನ್ ಅಣೆಕಟ್ಟಿಗೆ ಅಮೆರಿಕ, ಬ್ರಿಟನ್ ಅನುದಾನ ಮತ್ತು ವಿಶ್ವಬ್ಯಾಂಕಿನ 20 ಕೋಟಿ ಡಾಲರ್ ಸಾಲ ಸೇರಿಸಿ ಒಂದು ಏರ್ಪಾಡನ್ನು ಅವರು ಹೆಣೆದಿದ್ದರು. 1956ರ ಜುಲೈ 19ರಂದು ಅಮೆರಿಕ ಹಿಂದೆ ಸರಿಯಿತು. ಒಂದು ಕಂಬ ಬಿದ್ದೊಡನೆ ಚಪ್ಪರವೆಲ್ಲ ಬಿತ್ತು. ಒಂದೇ ವಾರದಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದರು, ಶರತ್ಕಾಲದಲ್ಲಿ ಯುದ್ಧವಾಯಿತು. ಕಾಲುವೆಯಲ್ಲಿ ಮುಳುಗಿದ್ದ ಹಡಗುಗಳನ್ನು ವಿಶ್ವಸಂಸ್ಥೆಯ ಪರವಾಗಿ ತೆರವು ಮಾಡಿಸಿದವರು ಅದೇ ಜನರಲ್ ವೀಲರ್. ಹಳೆಯ ಕಾಲುವೆ ಕಂಪನಿಯ ಷೇರುದಾರರಿಗೆ ಈಜಿಪ್ಟ್ ಕೊಡಬೇಕಾದ ಪರಿಹಾರವನ್ನು 1958ರಲ್ಲಿ ಮಾತಾಡಿ ಮುಗಿಸಿದವರು ಅದೇ ಬ್ಲ್ಯಾಕ್. ಆ ಪರಿಹಾರದ ಮಾತುಕತೆಯಲ್ಲಿ ಯಾರು ಸರಿ, ಯಾರು ತಪ್ಪು ಎಂಬ ತೀರ್ಪು ಇರಲಿಲ್ಲ. ಒಂದು ಒಟ್ಟು ಮೊತ್ತ, ಅದಕ್ಕೆ ಕಂತು, ಕೊನೆಯ ಕಂತಿನೊಡನೆ ಲೆಕ್ಕ ಚುಕ್ತಾ. ಸಿಂಧೂವಿನ ಬೀಗಕ್ಕೆ ಕೀಲಿ ಆ ವರ್ಷ ಅವರ ಕೈಗೆ ಬಂತೆಂದು ನನಗೆ ಅನ್ನಿಸುತ್ತದೆ. ಆಸ್ವಾನ್‌ನಿಂದ ಒಂದು ಪಾಠ: ಹಣ ಕೊಡುವವರು ಒಬ್ಬಿಬ್ಬರಾದರೆ ಒಬ್ಬರ ಕೋಪಕ್ಕೆ ಇಡೀ ಯೋಜನೆ ಬಲಿಯಾಗುತ್ತದೆ. ಸೂಯೆಜ್‌ನಿಂದ ಇನ್ನೊಂದು: ಹೊಣೆ ಯಾರದೆಂದು ತೀರ್ಮಾನಿಸದೆಯೂ ಬಿಲ್ ತೀರಿಸಬಹುದು.

1958ರ ಆಗಸ್ಟಿನಲ್ಲಿ ಇದೇ ಬ್ಯಾಂಕಿನ ಮುಂದಾಳತ್ವದಲ್ಲಿ ಭಾರತದ ವಿದೇಶಿ ವಿನಿಮಯದ ಬಿಕ್ಕಟ್ಟು ನೀಗಿಸಲು ಶ್ರೀಮಂತ ದೇಶಗಳು ವಾಷಿಂಗ್ಟನ್‌ನಲ್ಲಿ ಒಟ್ಟಿಗೆ ಕೂತಿದ್ದವು. ಹಲವರನ್ನು ಒಂದೇ ಮೇಜಿಗೆ ತಂದು ಇಂತಿಷ್ಟು ಎಂದು ಬರೆಸಿಕೊಳ್ಳುವುದು ಸಾಧ್ಯ ಎಂಬುದು ಅಲ್ಲಿ ಖಚಿತವಾಯಿತು.

1959ರ ಮೇ ತಿಂಗಳಲ್ಲಿ ಬ್ಲ್ಯಾಕ್ ಮತ್ತು ಇಲಿಫ್ ದೆಹಲಿಗೂ ಕರಾಚಿಗೂ ಬಂದರು. ಅವರು ತಂದ ಸೂತ್ರವನ್ನು ಹೇಳುವುದು ಸುಲಭ, ಅಲ್ಲಿಗೆ ತಲುಪುವುದು ಸುಲಭವಿರಲಿಲ್ಲ. ಬದಲಿ ಕಾಮಗಾರಿ ಎಷ್ಟು, ಅಭಿವೃದ್ಧಿ ಎಷ್ಟು ಎಂದು ಅಣೆಕಟ್ಟಿನ ಒಂದೊಂದು ಅಡಿಯನ್ನೂ ಸೀಳಿ ನೋಡುವುದನ್ನು ಬಿಡಿ. ಭಾರತ ಒಂದು ನಿಗದಿತ ಮೊತ್ತ ಕೊಡಲಿ. ಆ ಮೊತ್ತ ಎಂದೂ ಬದಲಾಗಬಾರದು. ಪಾಕಿಸ್ತಾನ ತನಗೆ ಬೇಕಾದ ಯೋಜನೆಯನ್ನು ಕಟ್ಟಲಿ. ನಡುವೆ ಉಳಿಯುವ ದೊಡ್ಡ ಕಂದಕವನ್ನು ತುಂಬಿಸುವ ಹೊಣೆ ಬ್ಯಾಂಕಿನದು. ಅದು ಸ್ನೇಹಿತ ದೇಶಗಳಿಂದ ಹಣ ಎತ್ತುತ್ತದೆ. ಭಾರತವು ಪಾಕಿಸ್ತಾನಕ್ಕೆ ಹಣ ಕೊಡುವುದಿಲ್ಲ, ನಿಧಿಗೆ ಕೊಡುತ್ತದೆ. ಪಾಕಿಸ್ತಾನ ಭಾರತದಿಂದ ಪಡೆಯುವುದಿಲ್ಲ, ನಿಧಿಯಿಂದ ಪಡೆಯುತ್ತದೆ.

ಈ ಕೊನೆಯ ಎರಡು ವಾಕ್ಯಗಳೇ ಆವಿಷ್ಕಾರ. ನೀರಿನ ಜಗಳ ಆಡುತ್ತಿದ್ದವರ ಮುಂದೆ ಬ್ಲ್ಯಾಕ್ ಇಟ್ಟದ್ದು ಒಂದು ಜಂಟಿ ಖಾತೆ. ಆ ಖಾತೆಯೊಳಗೆ ಹೋದ ಮೇಲೆ ಯಾವ ಪೌಂಡ್ ಪರಿಹಾರದ್ದು, ಯಾವ ಡಾಲರ್ ಅಭಿವೃದ್ಧಿಯದು ಎಂದು ಗುರುತಿಸಲಾಗದು. ಎರಡೂ ಸರ್ಕಾರಗಳು ತಮ್ಮ ಜನರ ಮುಂದೆ ತಲೆಯೆತ್ತಿ ಮಾತಾಡಲು ಇದರಿಂದ ಜಾಗ ಸಿಕ್ಕಿತು.

ಭಾರತದ ಪಾಲು 6,20,60,000 ಪೌಂಡ್ ಎಂದು ಗೊತ್ತಾಯಿತು. ಆಗಿನ ದರದಲ್ಲಿ ಸುಮಾರು 83 ಕೋಟಿ ರೂಪಾಯಿ. ಹತ್ತು ಸಮ ಕಂತು, ಪ್ರತಿ ವರ್ಷ ನವೆಂಬರ್ 1ರಂದು. ಅಮೆರಿಕ, ಬ್ರಿಟನ್, ಪಶ್ಚಿಮ ಜರ್ಮನಿ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿಕೊಂಡವು. ಅತಿ ದೊಡ್ಡ ಪಾಲು ಅಮೆರಿಕದ್ದು. ಅದರಲ್ಲಿ ಅನುದಾನವಿತ್ತು, ಸಾಲವಿತ್ತು, ಪಾಕಿಸ್ತಾನದೊಳಗೇ ಖರ್ಚಾಗುವ ಅಲ್ಲಿಯ ರೂಪಾಯಿಯೂ ಇತ್ತು. ನ್ಯೂಜಿಲೆಂಡ್ ತನ್ನ ಹತ್ತು ಲಕ್ಷ ಪೌಂಡ್ ಹಾಕಿತು. ವಿಶ್ವಬ್ಯಾಂಕ್ ತಾನೇ 9 ಕೋಟಿ ಡಾಲರ್ ಸಾಲ ಕೊಟ್ಟಿತು. ಎಲ್ಲ ಸೇರಿ ಸುಮಾರು 90 ಕೋಟಿ ಡಾಲರುಗಳ ಸಿಂಧೂ ಜಲಾನಯನ ಅಭಿವೃದ್ಧಿ ನಿಧಿ ನಿಂತಿತು. ಒಪ್ಪಂದಕ್ಕೆ ಸಹಿಯಾದ ದಿನವೇ, ಅದೇ ಕರಾಚಿಯಲ್ಲಿ ನಿಧಿಯ ಕರಾರಿಗೂ ಸಹಿ ಬಿತ್ತು. ಒಂದಿಲ್ಲದೆ ಇನ್ನೊಂದು ನಿಲ್ಲುವಂತಿರಲಿಲ್ಲ. ನಿಧಿಯ ಆಡಳಿತ ಬ್ಯಾಂಕಿನ ಕೈಯಲ್ಲಿತ್ತು. ಹಣ ಹೊರಗೆ ಬರುತ್ತಿದ್ದದ್ದು ಕಾಮಗಾರಿಯ ಲೆಕ್ಕದ ಮೇಲೆ. ಶೀತಲ ಸಮರದ ಕಾಲ ಅದು, ದಾನಿಗಳಿಗೆ ತಮ್ಮದೇ ರಾಜಕೀಯ ಲೆಕ್ಕಗಳಿದ್ದವು. ಆ ಲೆಕ್ಕಗಳನ್ನು ತಿಳಿದೇ ಅವರ ಬಾಗಿಲು ತಟ್ಟಿದ್ದು ಬ್ಲ್ಯಾಕ್ ಅವರ ಜಾಣತನ.

ಐದನೆಯ ಕಲಮನ್ನು ಬಿಡಿಸಿ ಓದಿದರೆ ಬ್ಯಾಂಕರನ ಕೈಬರಹ ಕಾಣುತ್ತದೆ. ಯಾವ ನಾಣ್ಯದ ಮೌಲ್ಯ ಏರಲಿ, ಇಳಿಯಲಿ, ಪೌಂಡ್ ಲೆಕ್ಕದ ಮೊತ್ತ ಬದಲಾಗದು ಎಂದು ಅಲ್ಲಿದೆ. ಪಾಕಿಸ್ತಾನದ ಕಾಲುವೆಗಳು ಸಿದ್ಧವಾಗುವ ತನಕ ಪೂರ್ವದ ನದಿಗಳ ನೀರನ್ನು ಭಾರತ ಬಿಡುತ್ತಿರಬೇಕು; ಅದಕ್ಕೆ ಹತ್ತು ವರ್ಷದ ಅವಧಿ. ಕಾಮಗಾರಿ ತಡವಾಯಿತೆಂದು ಪಾಕಿಸ್ತಾನ ಅವಧಿ ವಿಸ್ತರಿಸಿಕೊಂಡರೆ ನಿಧಿಯಿಂದಲೇ ಭಾರತಕ್ಕೆ ಹಣ ಹಿಂದಿರುಗಬೇಕು. ಒಂದು ವರ್ಷದ ವಿಳಂಬಕ್ಕೆ 31,25,000 ಪೌಂಡ್, ಮೂರು ವರ್ಷಕ್ಕೆ 98,50,000 ಪೌಂಡ್. ತಡ ಮಾಡಿದರೆ ತನ್ನ ಅಣೆಕಟ್ಟಿನ ದುಡ್ಡೇ ಕರಗುತ್ತದೆ ಎಂದು ಗೊತ್ತಿರುವವನು ಕೆಲಸ ಬೇಗ ಮುಗಿಸುತ್ತಾನೆ. ಎಂಜಿನಿಯರುಗಳ ವೇಳಾಪಟ್ಟಿಗೆ ಹೀಗೆ ಹಣದ ಬೆನ್ನೆಲುಬು ಬಂತು.

ಭಾರತದಲ್ಲಿ ಇದು ಸಲೀಸಾಗಿ ಗಂಟಲಿಗಿಳಿಯಲಿಲ್ಲ. 1960ರ ನವೆಂಬರ್ 30ರಂದು ಲೋಕಸಭೆಯಲ್ಲಿ ಚರ್ಚೆಯಾದಾಗ ನೀರನ್ನೂ ಕೊಟ್ಟು ಹಣವನ್ನೂ ಕೊಟ್ಟಿರಿ ಎಂಬ ಅಸಮಾಧಾನ ಎದ್ದಿತು. ನಾವು ಒಂದು ಇತ್ಯರ್ಥವನ್ನು ಕೊಂಡುಕೊಂಡಿದ್ದೇವೆ, ಅದು ಎರಡೂ ದೇಶಗಳಿಗೆ ಒಳ್ಳೆಯದು ಎಂಬುದು ನೆಹರೂ ಉತ್ತರದ ತಿರುಳು. ಅಸಮಾಧಾನ ಪಟ್ಟವರದು ಬರೀ ಸಿಡುಕಲ್ಲ. ವಿದೇಶಿ ವಿನಿಮಯದ ಬರದಲ್ಲಿದ್ದ ದೇಶಕ್ಕೆ ವರ್ಷಕ್ಕೆ 62 ಲಕ್ಷ ಪೌಂಡ್ ಹಗುರದ ಹೊರೆಯಾಗಿರಲಿಲ್ಲ. ಆದರೂ ನನ್ನ ಮಟ್ಟಿಗೆ ನೆಹರೂ ಹೇಳಿದ್ದು ಸರಿ. ಭಾಕ್ರಾ, ಬಿಯಾಸ್ ಯೋಜನೆಗಳೂ ರಾಜಸ್ಥಾನದ ಮರಳಿಗೆ ನೀರೊಯ್ಯುವ ಕಾಲುವೆಯೂ ಪೂರ್ವದ ನದಿಗಳ ಮೇಲೆ ಯಾರ ತಕರಾರೂ ಇಲ್ಲದ ಹಕ್ಕು ಬೇಡುತ್ತಿದ್ದವು. ಆ ಹಕ್ಕಿಗೆ ಬಿದ್ದ ಬೆಲೆ ಅದು.

ನಾವು ಕನ್ನಡಿಗರು ಕಾವೇರಿಯ ವಿಚಾರದಲ್ಲಿ ತಲೆಮಾರುಗಳಿಂದ ಟಿಎಂಸಿ ಲೆಕ್ಕ ಕೇಳಿ ಬೆಳೆದವರು. 1924ರ ಒಪ್ಪಂದ, 1990ರಲ್ಲಿ ರಚನೆಯಾದ ನ್ಯಾಯಮಂಡಳಿ, 2007ರ ಅಂತಿಮ ತೀರ್ಪು ಎಲ್ಲದರ ಚರ್ಚೆಯೂ ನೀರಿನ ಪಾಲಿನ ಸುತ್ತಲೇ. ಬರಗಾಲದ ವರ್ಷ ಬೆಳೆ ಬಿಟ್ಟ ರೈತನ ನಷ್ಟವನ್ನು ಎರಡೂ ರಾಜ್ಯಗಳು ಸೇರಿ ಹೊರುವ ಒಂದು ನಿಧಿ ಏಕಿರಬಾರದು ಎಂಬ ಪ್ರಶ್ನೆಗೆ ನಮ್ಮ ಸಭೆಗಳಲ್ಲಿ ಜಾಗ ಸಿಕ್ಕದ್ದು ಕಡಿಮೆ. ಐದನೆಯ ಕಲಮನ್ನು ಓದುವಾಗಲೆಲ್ಲ ನನಗೆ ಮಂಡ್ಯದ ಮತ್ತು ತಂಜಾವೂರಿನ ರೈತರ ನೆನಪಾಗುತ್ತದೆ.

ಪಾಕಿಸ್ತಾನದಲ್ಲಿ ಕೆಲಸ ಆರಂಭವಾಯಿತು. ಎಂಟು ಕೂಡುನಾಲೆಗಳು, ಹಲವು ಬ್ಯಾರೇಜುಗಳು, ಝೇಲಂ ಮೇಲೆ ಮಂಗ್ಲಾ, ಸಿಂಧೂ ಮೇಲೆ ತರ್ಬೇಲಾ. 1958ರಲ್ಲಿ ಹುಟ್ಟಿದ ವಾಪ್ಡಾ ಎಂಬ ಅಲ್ಲಿನ ಜಲ ಮತ್ತು ವಿದ್ಯುತ್ ಪ್ರಾಧಿಕಾರ ಇವನ್ನು ಕಟ್ಟಿಸಿತು. ಅಂದಾಜು ವರ್ಷ ವರ್ಷಕ್ಕೆ ಉಬ್ಬಿತು. 1964ರ ಹೊತ್ತಿಗೆ 90 ಕೋಟಿ ಡಾಲರಿನಲ್ಲಿ ಎಲ್ಲವೂ ಆಗುವುದಿಲ್ಲ ಎಂಬುದು ಸ್ಪಷ್ಟವಾಯಿತು. ದಾನಿ ದೇಶಗಳು ಪೂರಕ ಕರಾರಿನಲ್ಲಿ ಮತ್ತೆ 31.5 ಕೋಟಿ ಡಾಲರ್ ಸೇರಿಸಿದವು, ಜೊತೆಗೆ ಇನ್ನು ಮುಂದಕ್ಕೆ ಮಿತಿಯಿಲ್ಲದೆ ಕೊಡುವುದಿಲ್ಲ ಎಂದವು. ಭಾರತದ ಪಾಲಿಗೆ ಒಂದು ಪೌಂಡೂ ಸೇರಲಿಲ್ಲ. ನಿಗದಿತ ಮೊತ್ತ ಎಂಬ ಮಾತಿನ ನಿಜವಾದ ಬೆಲೆ ದೆಹಲಿಯ ಖಜಾನೆಗೆ ಆಗ ತಿಳಿದಿರಬೇಕು. ತರ್ಬೇಲಾ ಕಟ್ಟುವುದು ಲಾಭದಾಯಕವೇ ಎಂದು ಪರೀಕ್ಷಿಸಲು ಬ್ಯಾಂಕ್ ನೆದರ್ಲೆಂಡ್ಸಿನ ಮಾಜಿ ಹಣಕಾಸು ಮಂತ್ರಿ ಪೀಟರ್ ಲೀಫ್ಟಿಂಕ್ ಅವರ ನೇತೃತ್ವದಲ್ಲಿ ದೊಡ್ಡ ಅಧ್ಯಯನ ಮಾಡಿಸಿತು. ಆಮೇಲೆ 1968ರಲ್ಲಿ ತರ್ಬೇಲಾಕ್ಕೆಂದೇ ಬೇರೆ ನಿಧಿ ಕೂಡಿತು.

ಮಂಗ್ಲಾ 1967ರಲ್ಲಿ ಮುಗಿಯಿತು. ಅದರ ನೀರಿನಡಿ ಹಳೆಯ ಮೀರ್‌ಪುರ ಪಟ್ಟಣ ಮುಳುಗಿತು, ಒಂದು ಲಕ್ಷಕ್ಕೂ ಹೆಚ್ಚು ಮಂದಿ ಮನೆ ಬಿಟ್ಟರು. ಅವರಲ್ಲಿ ಸಾವಿರಾರು ಜನ ಬ್ರಿಟನ್ನಿಗೆ ಹೋಗಿ ಬ್ರ್ಯಾಡ್‌ಫರ್ಡ್, ಬರ್ಮಿಂಗ್‌ಹ್ಯಾಮ್‌ಗಳ ಕಾರ್ಖಾನೆಗಳಲ್ಲಿ ದುಡಿದರು. ಇಂದಿಗೂ ಆ ಊರುಗಳ ಪಾಕಿಸ್ತಾನಿ ಮೂಲದವರಲ್ಲಿ ಮೀರ್‌ಪುರದವರ ಸಂಖ್ಯೆ ದೊಡ್ಡದು. ಬ್ಲ್ಯಾಕ್ ಅವರ ಲೆಕ್ಕದಲ್ಲಿ ಸರ್ಕಾರಗಳಿಗೆ ಜಾಗವಿತ್ತು, ದಾನಿಗಳಿಗೆ ಜಾಗವಿತ್ತು, ವಿಳಂಬಕ್ಕೂ ಬೆಲೆಯಿತ್ತು. ಮುಳುಗಿದ ಊರಿನವರು ಆ ಮೇಜಿನ ಸುತ್ತ ಎಲ್ಲಿಯೂ ಇರಲಿಲ್ಲ. ಆ ಕಾಲದ ಎಲ್ಲ ಅಣೆಕಟ್ಟುಗಳ ಕತೆಯೂ ಹೀಗೇ ಎನ್ನಬಹುದು. ಹಾಗೆಂದು ಈ ಕೊರತೆಯನ್ನು ಸಣ್ಣದೆಂದು ನಾನು ಒಪ್ಪಲಾರೆ. ಬೇರೆ ಎಲ್ಲವನ್ನೂ ಹಣಕ್ಕೆ ಪರಿವರ್ತಿಸಲು ಬಲ್ಲವರಾಗಿದ್ದವರು ಅದನ್ನೂ ಯೋಚಿಸಬಹುದಿತ್ತು.

1965ರಲ್ಲಿ ಭಾರತ, ಪಾಕಿಸ್ತಾನಗಳ ನಡುವೆ ಯುದ್ಧವಾಯಿತು. ಕಂತು ನಿಲ್ಲಲಿಲ್ಲ. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾಗಿ ಒಂದು ಪೌಂಡಿಗೆ 13 ರೂಪಾಯಿ ಚಿಲ್ಲರೆ ಇದ್ದದ್ದು 21 ರೂಪಾಯಿಯಾಯಿತು. ರೂಪಾಯಿ ಲೆಕ್ಕದಲ್ಲಿ ಕಂತಿನ ಭಾರ ಅರ್ಧಕ್ಕಿಂತ ಹೆಚ್ಚು ಏರಿತು. ಆಗಲೂ ನಿಲ್ಲಲಿಲ್ಲ. ಯುದ್ಧ ಮಾಡಿದ ದೇಶವೇ ಎದುರಾಳಿಯ ಅಣೆಕಟ್ಟಿಗೆ ಹಣ ಕಟ್ಟಿತು ಎಂದು ಈಗ ಬೆರಗಿನಿಂದ ಹೇಳುತ್ತೇವೆ. ಹಣ ಎದುರಾಳಿಗೆ ನೇರವಾಗಿ ಹೋಗುತ್ತಿದ್ದರೆ ಯಾವ ಮಂತ್ರಿಗೂ ಆ ಚೆಕ್ಕಿಗೆ ಸಹಿ ಹಾಕುವ ಎದೆ ಇರುತ್ತಿರಲಿಲ್ಲ. ಅದು ಹೋಗುತ್ತಿದ್ದದ್ದು ವಾಷಿಂಗ್ಟನ್ನಿನ ಒಂದು ಖಾತೆಗೆ. ಕಂತು ತಪ್ಪಿದರೆ ಮಾತು ತಪ್ಪುತ್ತಿದ್ದದ್ದು ಸಾಲ ಕೊಡುವ ಬ್ಯಾಂಕಿಗೆ, ಅದರ ಹಿಂದೆ ನಿಂತ ಆರು ದೇಶಗಳಿಗೆ. 1970ರ ಮಾರ್ಚ್ 31ಕ್ಕೆ ಹತ್ತು ವರ್ಷದ ಅವಧಿ ಮುಗಿಯಿತು. ಪೂರ್ವದ ನದಿಗಳು ಪೂರ್ತಿಯಾಗಿ ಭಾರತದ ಕೈಗೆ ಬಂದವು.

ಅಲ್ಲಿಂದ ಮುಂದೆ ಒಪ್ಪಂದದಲ್ಲಿ ಉಳಿದದ್ದು ಎಂಜಿನಿಯರುಗಳ ಮತ್ತು ವಕೀಲರ ಕಲಮುಗಳು. ಬಗ್ಲಿಹಾರ್, ಕಿಶನ್‌ಗಂಗಾ ಎಂಬ ಭಾರತದ ಜಲವಿದ್ಯುತ್ ಯೋಜನೆಗಳ ತೂಬು ಎಷ್ಟು ಎತ್ತರದಲ್ಲಿರಬೇಕು ಎಂಬ ವ್ಯಾಜ್ಯಗಳಲ್ಲಿ ತಜ್ಞರನ್ನು ನೇಮಿಸುವುದಷ್ಟೇ ಬ್ಯಾಂಕಿನ ಕೆಲಸವಾಯಿತು. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ಮರುದಿನ, ಭಾರತ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಮೊದಲ ಹತ್ತು ವರ್ಷ ಎರಡೂ ಕಡೆಯವರನ್ನು ಕಟ್ಟಿಹಾಕಿದ್ದ ಹಣದ ನಂಟು ಆ ಹೊತ್ತಿಗೆ ಐವತ್ತೈದು ವರ್ಷ ಹಳೆಯದಾಗಿತ್ತು.

ಬ್ಲ್ಯಾಕ್ 1962ರ ಕೊನೆಗೆ ನಿವೃತ್ತರಾದರು. 1965ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ಅವರನ್ನು ಮತ್ತೆ ಕರೆದರು. ವಿಯೆಟ್ನಾಂ ಯುದ್ಧ ಬಿರುಸಾಗುತ್ತಿದ್ದ ಹೊತ್ತಿನಲ್ಲಿ ಮೆಕಾಂಗ್ ನದಿಯ ದೇಶಗಳನ್ನು ಅಭಿವೃದ್ಧಿಯ ಮೇಜಿಗೆ ತರುವ ಕೆಲಸ ಅದು. ಮೆಕಾಂಗ್‌ನ ಮುಖ್ಯ ಹರಿವಿಗೆ ಯೋಜಿಸಿದ್ದ ಭಾರಿ ಅಣೆಕಟ್ಟು ಏಳಲಿಲ್ಲ. ಯುದ್ಧ ಅದಕ್ಕೆ ಬಿಡಲಿಲ್ಲ. ಆದರೆ ಲಾವೋಸಿನ ನಾಮ್ ನ್ಗುಮ್ ಎಂಬ ಉಪನದಿಯ ಮೇಲೆ ಒಂದು ಅಣೆಕಟ್ಟಿಗೆ 1966ರಲ್ಲಿ ಹಲವು ದೇಶಗಳು ಸೇರಿ ನಿಧಿ ಕಟ್ಟಿದವು, ಆಡಳಿತಗಾರ ಮತ್ತೆ ವಿಶ್ವಬ್ಯಾಂಕ್. ಹಣ ಹಾಕಿದವರಲ್ಲಿ ನೆರೆಯ ಥಾಯ್ಲೆಂಡ್ ಕೂಡ ಇತ್ತು. 1971ರ ಕೊನೆಗೆ ಅಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. 1975ರಲ್ಲಿ ಲಾವೋಸಿನಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ಮೇಲೆ ಎರಡು ದೇಶಗಳ ನಡುವೆ ಮಾತು ಕೆಟ್ಟಿತು, ಗಡಿ ಮುಚ್ಚಿದ ದಿನಗಳೂ ಬಂದವು. ಮೆಕಾಂಗ್ ದಾಟಿ ಥಾಯ್ಲೆಂಡಿಗೆ ಹೋಗುತ್ತಿದ್ದ ವಿದ್ಯುತ್ತಿನ ಮಾರಾಟ ಮಾತ್ರ ನಡೆಯುತ್ತಲೇ ಇತ್ತು.